ಹವ್ಯಾಸಕ್ಕೆ ಹಾಕುವ ದುಡ್ಡು

ಹವ್ಯಾಸಕ್ಕೆಂದು ಒಂದು ವಸ್ತು ಮನೆಗೆ ಬಂದರೆ ಎಲ್ಲರೂ ಮೊದಲು ಕೇಳುವುದು "ಎಷ್ಟಾಯ್ತು?" ಅಂತ. ಅದರಲ್ಲಿ ಏನು ಮಾಡುತ್ತಾರೆ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು. ಉತ್ತರ ಕೊಡುವವರೂ ನಿಜವಾದ ಬೆಲೆಗಿಂತ ಒಂದಿಷ್ಟು ಇಳಿಸಿಯೇ ಹೇಳುತ್ತಾರೆ. "ಆಫರ್ ಇತ್ತು." "ಹಳೇದು ಕೊಟ್ಟು ತಗೊಂಡೆ." "ಗೊತ್ತಿರುವವರು ಕಡಿಮೆಗೆ ಕೊಟ್ಟರು." ಕ್ಯಾಮೆರಾದವರಾಗಲಿ, ಸೈಕಲ್‌ನವರಾಗಲಿ, ಗಿಟಾರ್‌ನವರಾಗಲಿ, ಹೇಳುವ ಮಾತು ಇವೇ. ಅದೇ ದುಡ್ಡು ಒಂದು ಸೋಫಾಕ್ಕೋ ದೊಡ್ಡ ಟೀವಿಗೋ ಹೋಗಿದ್ದರೆ ಯಾರೂ ಸಮಜಾಯಿಷಿ ಕೊಡುತ್ತಿರಲಿಲ್ಲ, ಅಲ್ವಾ?

ಈ ಮುಜುಗರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಊಟ, ಬಟ್ಟೆ, ಸೂರು, ಓದು, ಔಷಧಿ ಎಲ್ಲ ನಡೆದ ಮೇಲೆ ಕೈಯಲ್ಲಿ ಒಂದಿಷ್ಟು ಉಳಿದರೆ, ಅದನ್ನು ಮನಸ್ಸು ಹಿಗ್ಗುವ ಕೆಲಸಕ್ಕೆ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತಿದೆ ಅಂತ ಸರಿಯಾಗಿ ನೋಡಬೇಕು. ಹವ್ಯಾಸದ ಒಳಗೇ ಎರಡು ಬಗೆಯ ಖರ್ಚು ಇದೆ. ಒಂದು, ಆ ಕೆಲಸ ಮಾಡುವಾಗ ಆಗುವ ಖರ್ಚು. ಇನ್ನೊಂದು, ಮುಂದೆ ಯಾವಾಗಲೋ ಮಾಡುತ್ತೇನೆ ಅಂತ ಸಜ್ಜಾಗುವ ಖರ್ಚು. ಮೊದಲನೆಯದು ಎಷ್ಟಾದರೂ ನನ್ನ ತಕರಾರಿಲ್ಲ. ಎರಡನೆಯದು ಹವ್ಯಾಸವನ್ನೇ ನುಂಗಿಹಾಕುತ್ತದೆ.

ವಿವಿಯನ್ ಮೇಯರ್ ಬಗ್ಗೆ ನೀವು ಕೇಳಿರಬಹುದು. 1926ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. ಬದುಕಿನ ಬಹುಪಾಲು ಶಿಕಾಗೊ ಕಡೆ ಬೇರೆಯವರ ಮನೆಗಳಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದರು. ಆ ಸಂಬಳದಲ್ಲಿ ಅವರು ಇಟ್ಟುಕೊಂಡಿದ್ದದ್ದು ರೋಲಿಫ್ಲೆಕ್ಸ್ ಕ್ಯಾಮೆರಾ. ಆ ಕಾಲದಲ್ಲಿ ಫೋಟೋ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡವರು ಬಳಸುತ್ತಿದ್ದ ಜರ್ಮನ್ ಕ್ಯಾಮೆರಾ ಅದು. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನಿಂದ ಬಗ್ಗಿ ಗಾಜಿನೊಳಗೆ ನೋಡಿ ಕ್ಲಿಕ್ ಮಾಡಬೇಕು. ಒಂದು ರೋಲ್‌ಗೆ 12 ಫೋಟೋ ಮಾತ್ರ. ಕ್ಯಾಮೆರಾ ಒಂದು ಸಲದ ಖರ್ಚು. ಫಿಲ್ಮ್ ಹಾಗಲ್ಲ, ಪ್ರತಿ ಕ್ಲಿಕ್‌ಗೂ ದುಡ್ಡು. ರಜೆ ಸಿಕ್ಕಾಗಲೆಲ್ಲ ಬೀದಿ ಅಲೆದು ಅವರು ಒಂದು ಲಕ್ಷಕ್ಕೂ ಹೆಚ್ಚು ಫೋಟೋ ತೆಗೆದರು. ಹೆಚ್ಚುಕಮ್ಮಿ ಯಾರಿಗೂ ತೋರಿಸಲಿಲ್ಲ. ತೊಳೆಸದೇ ಉಳಿದ ರೋಲ್‌ಗಳೇ ರಾಶಿ ಇದ್ದವು. 2007ರಲ್ಲಿ, ಸಾಮಾನು ಇಟ್ಟಿದ್ದ ಬಾಡಿಗೆ ಗೋದಾಮಿನ ಹಣ ಕಟ್ಟದೇ ಇದ್ದದ್ದರಿಂದ ಆ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ಅವರು ತೀರಿಕೊಂಡರು. ಅವರ ಫೋಟೋಗಳನ್ನು ಲೋಕ ನೋಡಿದ್ದು ಆಮೇಲೆ.

ಈ ಕತೆ ಹೇಳುವವರು ಸಾಮಾನ್ಯವಾಗಿ ಕೊನೆಯ ಭಾಗವನ್ನೇ ಒತ್ತಿ ಹೇಳುತ್ತಾರೆ. ಆಕೆ ಕೊನೆಗೂ ದೊಡ್ಡ ಫೋಟೋಗ್ರಾಫರ್ ಅನ್ನಿಸಿಕೊಂಡರು, ಹಾಗಾಗಿ ಆ ಖರ್ಚೆಲ್ಲ ಸಾರ್ಥಕವಾಯಿತು ಅನ್ನುವ ಹಾಗೆ. ನಾನು ಒಪ್ಪುವುದಿಲ್ಲ. ಆ ಪೆಟ್ಟಿಗೆಗಳು ಯಾರ ಕಣ್ಣಿಗೂ ಬೀಳದೆ ಸುಟ್ಟು ಹೋಗಿದ್ದರೂ ಆ ದುಡ್ಡು ದಂಡವಾಗುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಬೇರೆಯವರ ಮಕ್ಕಳ ಹಿಂದೆ ದಿನ ಕಳೆದ ಒಬ್ಬ ಹೆಂಗಸಿಗೆ ಪೂರ್ತಿ ತನ್ನದು ಅಂತ ಇದ್ದ ಹೊತ್ತು ಅದು. ಆ ಹೊತ್ತನ್ನು ಅವರು ತಮ್ಮ ಸಂಬಳದಿಂದಲೇ ಕೊಂಡುಕೊಂಡರು.

ನನ್ನ ಹವ್ಯಾಸ ಆಕಾಶ ನೋಡುವುದು. ಇದನ್ನೂ ದುಬಾರಿ ಹವ್ಯಾಸ ಅಂತಲೇ ಎಲ್ಲರೂ ಅನ್ನುತ್ತಾರೆ. ಹಾಗೆ ಅನ್ನುವುದಕ್ಕೆ ಕಾರಣವೂ ಇದೆ. ಟೆಲಿಸ್ಕೋಪ್‌ನಲ್ಲಿ ಮುಖ್ಯವಾದದ್ದು ಕನ್ನಡಿ ಅಥವಾ ಲೆನ್ಸಿನ ಅಗಲ. ಅಗಲ ಎರಡು ಪಟ್ಟಾದರೆ ಒಳಗೆ ಬರುವ ಬೆಳಕು ನಾಲ್ಕು ಪಟ್ಟು. ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್. ನನ್ನ ಟೆಲಿಸ್ಕೋಪಿನ ಕನ್ನಡಿ 200 ಮಿಲಿಮೀಟರ್. ಲೆಕ್ಕ ಹಾಕಿದರೆ ಬರಿಗಣ್ಣಿಗಿಂತ ಸುಮಾರು 800 ಪಟ್ಟು ಬೆಳಕು. ಇದು ಗೊತ್ತಾದ ಮೇಲೆ 250, 300, 400 ಮಿಲಿಮೀಟರ್ ಅಂತ ಮನಸ್ಸು ಓಡುತ್ತಲೇ ಇರುತ್ತದೆ. ಈ ಹುಚ್ಚಿಗೆ ನಮ್ಮವರು ಅಪರ್ಚರ್ ಫೀವರ್, ಅಂದರೆ ಅಗಲದ ಜ್ವರ, ಅಂತಲೇ ಹೆಸರಿಟ್ಟಿದ್ದಾರೆ.

ಅಗಲ ಜಾಸ್ತಿಯಾದ ಹಾಗೆ ತೂಕವೂ ಜಾಸ್ತಿ. ತೂಕ ಜಾಸ್ತಿಯಾದ ಹಾಗೆ ಹೊರಗೆ ತೆಗೆಯುವ ರಾತ್ರಿಗಳು ಕಡಿಮೆ. ದಣಿದು ಬಂದ ದಿನ ಮೋಡ ಸರಿದಿದೆ ಅಂತ ಗೊತ್ತಾದರೆ ಹತ್ತು ಕೆಜಿಯದ್ದನ್ನು ಎತ್ತಿಕೊಂಡು ಹೋಗುತ್ತೇವೆ, ನಲವತ್ತು ಕೆಜಿಯದ್ದನ್ನು ಮುಟ್ಟುವುದಿಲ್ಲ. ಹೆಚ್ಚು ಸಲ ಹೊರಗೆ ಬರುವ ಟೆಲಿಸ್ಕೋಪೇ ಒಳ್ಳೆಯ ಟೆಲಿಸ್ಕೋಪ್ ಅಂತ ಈ ಹವ್ಯಾಸದಲ್ಲಿ ಹಳಬರು ಹೇಳುವುದು ಸುಮ್ನೆ ಅಲ್ಲ.

ವಿಲಿಯಂ ಹರ್ಷೆಲ್ ಕೂಡ ಹವ್ಯಾಸಿಯೇ. ವೃತ್ತಿಯಲ್ಲಿ ಸಂಗೀತಗಾರ. ಇಂಗ್ಲೆಂಡಿನ ಬಾತ್ ನಗರದ ಒಂದು ಚಾಪೆಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದರು, ಸಂಗೀತ ಪಾಠ ಹೇಳುತ್ತಿದ್ದರು. ಆಕಾಶದ ಹುಚ್ಚು ಹತ್ತಿದಾಗ ಮೊದಲು ಒಂದು ಸಣ್ಣ ಟೆಲಿಸ್ಕೋಪನ್ನು ಬಾಡಿಗೆಗೆ ತಂದರು. ದೊಡ್ಡದು ಬೇಕು ಅಂತ ವಿಚಾರಿಸಿದರೆ ಬೆಲೆ ಕೈಗೆ ನಿಲುಕುವ ಹಾಗಿರಲಿಲ್ಲ. ಅದೇ ಊರಿನಲ್ಲಿ ಒಬ್ಬರು ಕನ್ನಡಿ ಉಜ್ಜುವ ಹವ್ಯಾಸ ಬಿಟ್ಟು ಸಾಮಾನು ಮಾರುತ್ತಿದ್ದರು. ಅವರ ಹತ್ತಿರ ಆ ಹಳೇ ಸಾಮಾನನ್ನು ಕೊಂಡು 1773ರಲ್ಲಿ ಸ್ವತಃ ಕನ್ನಡಿ ಮಾಡಲು ಕೂತರು. ಆಗಿನ ಟೆಲಿಸ್ಕೋಪ್ ಕನ್ನಡಿ ಗಾಜಿನದ್ದಲ್ಲ. ತಾಮ್ರ, ತವರ ಕರಗಿಸಿ ಎರಕ ಹೊಯ್ದು, ಗಂಟೆಗಟ್ಟಲೆ ಉಜ್ಜಿ ಹೊಳಪು ಕೊಡಬೇಕು. ಹೊಳಪು ಕೊಡುತ್ತಿರುವಾಗ ಮಧ್ಯೆ ಕೈ ತೆಗೆಯುವ ಹಾಗಿಲ್ಲ. ಒಂದು ಸಲ ಹೀಗೆ 16 ಗಂಟೆ ಕೂತಿದ್ದರಂತೆ. ಅಷ್ಟು ಹೊತ್ತೂ ತಂಗಿ ಕ್ಯಾರೊಲಿನ್ ಪಕ್ಕದಲ್ಲೇ ಇದ್ದು ಅಣ್ಣನ ಬಾಯಿಗೆ ತುತ್ತು ಇಡುತ್ತಿದ್ದರು. ಮನೆಯ ಕೋಣೆಗಳೆಲ್ಲ ಕಮ್ಮಟವಾದವು. 1781ರಲ್ಲಿ ದೊಡ್ಡ ಕನ್ನಡಿಯೊಂದರ ಎರಕ ಹೊಯ್ಯುವಾಗ ಕರಗಿದ ಲೋಹ ಸೋರಿ ನೆಲಕ್ಕೆ ಹರಿಯಿತು. ಕಾವಿಗೆ ನೆಲದ ಚಪ್ಪಡಿಗಳು ಸಿಡಿದು ಮೇಲಕ್ಕೆ ಹಾರಿದವು. ಅದೇ ವರ್ಷ ಮಾರ್ಚ್ 13ರ ರಾತ್ರಿ, ಕೈಯಾರೆ ಮಾಡಿದ್ದ ಸುಮಾರು 16 ಸೆಂಟಿಮೀಟರ್ ಕನ್ನಡಿಯ ಟೆಲಿಸ್ಕೋಪಿನಲ್ಲಿ ಅವರು ಯುರೇನಸ್ ಗ್ರಹವನ್ನು ಕಂಡಿದ್ದರು.

16 ಸೆಂಟಿಮೀಟರ್! ಇವತ್ತು ಶುರು ಮಾಡುವವರು "ಸ್ವಲ್ಪ ದೊಡ್ಡದು ತಗೊಳ್ಳೋಣ" ಅಂತ ಪಕ್ಕಕ್ಕಿಡುವ ಅಳತೆ ಅದು.

ಈ ಕತೆಯಲ್ಲಿ ನನ್ನನ್ನು ಕಾಡುವವರು ಕ್ಯಾರೊಲಿನ್. ಅವರು ಚೆನ್ನಾಗಿ ಹಾಡುತ್ತಿದ್ದರು. ಕಛೇರಿಗಳಲ್ಲಿ ಹಾಡಿ ಹೆಸರೂ ಬಂದಿತ್ತು. ಅಣ್ಣ ಆಕಾಶದ ಕಡೆ ವಾಲಿದ ಮೇಲೆ ಅವರ ಹಾಡು ನಿಂತಿತು. ಮುಂದೆ ಅವರೇ ದೊಡ್ಡ ಖಗೋಳ ವೀಕ್ಷಕಿಯಾಗಿ 1786ರಿಂದ ಎಂಟು ಧೂಮಕೇತುಗಳನ್ನು ಕಂಡುಹಿಡಿದರು ಅನ್ನುವುದು ನಿಜ. ಆದರೆ ಆ ಹಾಡಿನ ಬದುಕು ಅಣ್ಣನ ಹವ್ಯಾಸಕ್ಕೆ ಕಟ್ಟಿದ ಬೆಲೆ. ಯಾವ ರಸೀದಿಯಲ್ಲೂ ಅದು ಬರೆದಿರುವುದಿಲ್ಲ. ಹವ್ಯಾಸದ ಖರ್ಚು ಅಂದಾಗ ನಾವು ದುಡ್ಡನ್ನಷ್ಟೇ ಎಣಿಸುತ್ತೇವೆ. ಭಾನುವಾರ ಬೆಳಗ್ಗೆ ಒಬ್ಬರು ಸೈಕಲ್ ಹತ್ತಿ ನೂರು ಕಿಲೋಮೀಟರ್ ಹೋಗಿ ಬರುತ್ತಾರೆ ಅಂದರೆ ಮನೆಯಲ್ಲಿ ಮಗುವಿನ ಜೊತೆ ಇನ್ನೊಬ್ಬರು ಇದ್ದಾರೆ ಅಂತ ಅರ್ಥ. ಆ ಇನ್ನೊಬ್ಬರಿಗೂ ಒಂದು ಭಾನುವಾರ ಸಿಗುತ್ತಿದೆಯಾ? ಬೆಲೆಯ ಚೀಟಿಗಿಂತ ಮೊದಲು ಇದನ್ನು ಕೇಳಬೇಕು.

ದುಡ್ಡೇ ಇಲ್ಲದೆ ಇದೇ ಹವ್ಯಾಸ ಮಾಡಿದವರೂ ಇದ್ದಾರೆ. ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ, ರಾಮಕೃಷ್ಣ ಪರಂಪರೆಯಲ್ಲಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದವರು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ಹಳೇ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು. ಕೊಳವೆಗೆ ರಟ್ಟು, ಕೂರಿಸಲು ಪ್ಲೈವುಡ್ ಪೆಟ್ಟಿಗೆ. ರಾತ್ರಿ ಟೆಲಿಸ್ಕೋಪ್ ಎಳೆದುಕೊಂಡು ಬೀದಿಗೆ ಹೋಗಿ ಜನರಿಗೆ ಆಕಾಶ ತೋರಿಸುವುದು ಜಾಸ್ತಿಯಾಗಿ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷವೇ ಒಂದಿಷ್ಟು ಜನರ ಜೊತೆ ಸೇರಿ ಫುಟ್‌ಪಾತಿನಲ್ಲಿ ಆಕಾಶ ತೋರಿಸುವ ಗುಂಪು ಕಟ್ಟಿದರು. ಅವರ ಆ ಪ್ಲೈವುಡ್ ಪೆಟ್ಟಿಗೆಯ ವಿನ್ಯಾಸ ಇವತ್ತು ಲೋಕದೆಲ್ಲೆಡೆ ಡಾಬ್ಸೋನಿಯನ್ ಅಂತಲೇ ಮಾರಾಟವಾಗುತ್ತದೆ. ನನ್ನದೂ ಅದೇ. ಮೋಟಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಎರಡು ಬೆರಳಲ್ಲಿ ತಳ್ಳಿದರೆ ನಯವಾಗಿ ತಿರುಗುತ್ತದೆ, ಕೈ ಬಿಟ್ಟ ಕಡೆ ನಿಲ್ಲುತ್ತದೆ. 120 ಪಟ್ಟು ದೊಡ್ಡದು ಮಾಡಿ ಶನಿ ಗ್ರಹವನ್ನು ನೋಡುತ್ತಿದ್ದರೆ ಅದು ಒಂದು ಅಂಚಿನಿಂದ ಒಳಗೆ ಬಂದು ಎರಡು ನಿಮಿಷದೊಳಗೆ ಇನ್ನೊಂದು ಅಂಚಿನಲ್ಲಿ ಜಾರಿ ಹೋಗುತ್ತದೆ. ಓಡುತ್ತಿರುವುದು ಶನಿಯಲ್ಲ, ನಮ್ಮ ಕಾಲಡಿಯ ಭೂಮಿ ತಿರುಗುತ್ತಿದೆ. ಮೋಟಾರ್ ಇದ್ದಿದ್ದರೆ ಈ ಜಾರುವಿಕೆ ಕಾಣುತ್ತಲೇ ಇರಲಿಲ್ಲ. ಕೆಲವು ಸಲ ಕಡಿಮೆ ಬೆಲೆಯದ್ದೇ ಹೆಚ್ಚು ತೋರಿಸುತ್ತದೆ ಅಂತ ನಾನು ನಂಬಿದ್ದೇನೆ.

ಹಾಗಂತ ಎಲ್ಲವನ್ನೂ ಅಗ್ಗಕ್ಕೆ ಕೊಳ್ಳಿ ಅಂತ ಹೇಳುತ್ತಿಲ್ಲ. ತೀರಾ ಅಗ್ಗದ ವಸ್ತು ಹವ್ಯಾಸವನ್ನು ಮೊಳಕೆಯಲ್ಲೇ ಕೊಲ್ಲುತ್ತದೆ. ಡಬ್ಬದ ಮೇಲೆ 525 ಪಟ್ಟು ಅಂತ ದೊಡ್ಡದಾಗಿ ಬರೆದ 60 ಮಿಲಿಮೀಟರ್ ಟೆಲಿಸ್ಕೋಪ್‌ಗಳು ಸಿಗುತ್ತವೆ. ಒಂದು ಮಿಲಿಮೀಟರ್ ಅಗಲಕ್ಕೆ ಎರಡು ಪಟ್ಟು ಅನ್ನುವುದು ಸಾಮಾನ್ಯ ಮಿತಿ. ಅಂದರೆ ಆ ಅಳತೆಗೆ 120ರ ಆಚೆ ಕಾಣುವುದು ಬರೀ ಮಂಜು. ಅದಕ್ಕೆ ಕೊಟ್ಟ ಸ್ಟ್ಯಾಂಡ್ ಉಸಿರು ತಾಗಿದರೂ ಅಲ್ಲಾಡುತ್ತದೆ. ಮಗು ಎರಡು ರಾತ್ರಿ ನೋಡಿ, ಆಕಾಶವೇ ಬೋರು ಅಂದುಕೊಂಡು ಬಿಟ್ಟುಬಿಡುತ್ತದೆ. ತಂತಿಗಳು ಬೆರಳು ಕೊಯ್ಯುವಷ್ಟು ಎತ್ತರದಲ್ಲಿರುವ ಅಗ್ಗದ ಗಿಟಾರ್ ಕೂಡ ಹೀಗೆಯೇ.

ತೀರಾ ಅಗ್ಗದಿಂದ ಸಾಧಾರಣ ದರ್ಜೆಗೆ ಬಂದರೆ ವ್ಯತ್ಯಾಸ ಅಗಾಧ. ಸಾಧಾರಣ ದರ್ಜೆಯಿಂದ ಒಳ್ಳೆಯ ದರ್ಜೆಗೆ ಹೋದರೂ ಕಣ್ಣಿಗೆ ಕಿವಿಗೆ ಗೊತ್ತಾಗುವಷ್ಟು ಇದೆ. ಅಲ್ಲಿಂದ ಮೇಲೆ ಬೆಲೆ ನೆಗೆಯುತ್ತದೆ, ವ್ಯತ್ಯಾಸ ತೆವಳುತ್ತದೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪಿಟೀಲು ವಾದಕರ ಮೇಲೆ ಒಂದು ಪರೀಕ್ಷೆ ನಡೆಯಿತು. 21 ಜನ ವಾದಕರು, ಆರು ಪಿಟೀಲು. ಮೂರು ಹೊಸವು. ಮೂರು ಹಳೆಯವು, ಅವುಗಳಲ್ಲಿ ಎರಡು ಸ್ಟ್ರಾಡಿವೇರಿಯಸ್, ಅಂದರೆ ಇಟಲಿಯ ಹೆಸರಾಂತ, ಬಲು ದುಬಾರಿ ಪಿಟೀಲುಗಳು. ಯಾವುದು ಯಾವುದೆಂದು ಕಾಣದ ಹಾಗೆ ಕಪ್ಪು ಕನ್ನಡಕ ಹಾಕಿಸಿದ್ದರು. ಹಳೇ ಮರದ ವಾಸನೆಯಿಂದ ಗೊತ್ತಾಗದಿರಲಿ ಅಂತ ಪಿಟೀಲಿಗೆ ಸೆಂಟು ಕೂಡ ತಾಗಿಸಿದ್ದರು. ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಸಿಕ್ಕಿದ್ದು ಒಂದು ಹೊಸ ಪಿಟೀಲಿಗೆ. ಎಲ್ಲಕ್ಕಿಂತ ಕಡಿಮೆ ಸಿಕ್ಕಿದ್ದು ಒಂದು ಸ್ಟ್ರಾಡಿವೇರಿಯಸ್‌ಗೆ.

ಕೈಗಡಿಯಾರದ್ದು ಬೇರೆ ಮಾತು. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ, ಅಂದರೆ ಬ್ಯಾಟರಿಯಲ್ಲಿ ನಡೆಯುವಂಥದ್ದು, ಬಿಟ್ಟಿತು. ತಿಂಗಳಿಗೆ ಐದು ಸೆಕೆಂಡ್ ಹಿಂದೆಮುಂದೆ, ಅಷ್ಟೇ. ಸ್ಪ್ರಿಂಗಿನ ಗಡಿಯಾರಕ್ಕೆ ಕ್ರೊನೋಮೀಟರ್ ಸರ್ಟಿಫಿಕೇಟ್, ಅಂದರೆ ಸಮಯ ನಿಖರವಾಗಿದೆ ಅನ್ನುವ ಪ್ರಮಾಣಪತ್ರ, ಸಿಗಬೇಕಾದರೆ ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ, ಆರು ಸೆಕೆಂಡ್ ಮುಂದೆ ಇದ್ದರೆ ಸಾಕು. ಅಂದರೆ ಸರಿಯಾದ ಸಮಯವೇ ಬೇಕಾಗಿದ್ದರೆ ಸ್ಪ್ರಿಂಗಿನ ಗಡಿಯಾರ ಕೊಳ್ಳಲು ಕಾರಣವೇ ಇಲ್ಲ. ಆದರೂ ಕೊಳ್ಳುವವರು ಆ ಸಣ್ಣ ಚಕ್ರಗಳ ಕೆಲಸಗಾರಿಕೆಗೆ ದುಡ್ಡು ಕೊಡುತ್ತಾರೆ. ಅದು ಗೊತ್ತಿದ್ದು ಕೊಟ್ಟರೆ ನನಗೆ ತಕರಾರಿಲ್ಲ. ಚೆನ್ನಾಗಿ ಮಾಡಿದ ವಸ್ತುವನ್ನು ಕೈಯಲ್ಲಿ ಹಿಡಿಯುವುದೂ ಒಂದು ಸುಖವೇ.

ತಕರಾರಿರುವುದು ಬೇರೆ ಕಡೆ. ಸಂಜೆ ಒಂದು ಗಂಟೆ ಬಿಡುವು ಸಿಗುತ್ತದೆ. ಗಿಟಾರ್ ಎತ್ತಿಕೊಳ್ಳಬಹುದು. ಅದರ ಬದಲು ಫೋನ್ ಹಿಡಿದು ಇನ್ನೊಂದು ಗಿಟಾರಿನ ರಿವ್ಯೂ ನೋಡುತ್ತೇವೆ. ಎರಡನ್ನೂ ಹೋಲಿಸುತ್ತೇವೆ, ಕಾರ್ಟ್‌ಗೆ ಹಾಕುತ್ತೇವೆ, ತೆಗೆಯುತ್ತೇವೆ. ಹವ್ಯಾಸದಲ್ಲೇ ಇದ್ದೇವೆ ಅನ್ನಿಸುತ್ತದೆ. ಆದರೆ ಒಂದು ಸ್ವರವೂ ಹೊರಟಿರುವುದಿಲ್ಲ. ಕೊಳ್ಳುವುದು ಸುಲಭ. ಅಭ್ಯಾಸ ಕಷ್ಟ, ಅದರಲ್ಲಿ ನಮ್ಮ ಕೊರತೆ ನಮಗೇ ಎದುರಾಗುತ್ತದೆ. ಹೊಸ ವಸ್ತು ಬಂದಾಗ ನಾಲ್ಕು ದಿನ ಆ ಕೊರತೆ ಮರೆತುಹೋಗುತ್ತದೆ. ಆಮೇಲೆ ಮತ್ತೆ ಅಲ್ಲೇ ಇರುತ್ತದೆ.

ಒಂದು ವಸ್ತು ಇನ್ನೊಂದನ್ನು ಕರೆಯುವುದೂ ಹಳೇ ಕತೆ. ಫ್ರೆಂಚ್ ಚಿಂತಕ ಡಿಡೆರೊ 1769ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಅವನಿಗೆ ಒಂದು ಚೆಂದದ ಹೊಸ ನಿಲುವಂಗಿ ಬಂತು. ಅದರ ಮುಂದೆ ಹಳೇ ಕುರ್ಚಿ, ಹಳೇ ಮೇಜು ಕಳೆಗುಂದಿದವು. ಒಂದೊಂದಾಗಿ ಎಲ್ಲ ಬದಲಾದವು. ಹಳೇ ನಿಲುವಂಗಿಗೆ ನಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾದೆ ಅಂತ ಅವನು ಮರುಗುತ್ತಾನೆ. ಕ್ಯಾಮೆರಾ ಬಂದರೆ ಲೆನ್ಸ್, ಲೆನ್ಸ್ ಬಂದರೆ ಅದಕ್ಕೆ ತಕ್ಕ ಟ್ರೈಪಾಡ್, ಆಮೇಲೆ ಎಲ್ಲ ಹಿಡಿಸುವ ಬ್ಯಾಗ್. ಎರಡೂವರೆ ಶತಮಾನ ಕಳೆದರೂ ಕತೆ ಅದೇ.

ಹಾಗಾದರೆ ಯಾವ ಖರ್ಚು ಸರಿ, ಯಾವುದು ಅಲ್ಲ? ನನ್ನದೊಂದು ಅಳತೆ ಇದೆ. ಸವೆಯುವುದರ ಮೇಲೆ ಎಷ್ಟು ಹೋಗಿದೆ ಅಂತ ನೋಡುತ್ತೇನೆ. ಗಿಟಾರಿನವರ ತಂತಿ, ಸೈಕಲ್‌ನವರ ಟೈರು ಮತ್ತು ಚೈನು, ಪೆನ್ನಿನವರ ಇಂಕು, ಚಿತ್ರಕಾರರ ಬಣ್ಣ ಮತ್ತು ಕಾಗದ, ಮೇಷ್ಟ್ರಿಗೆ ಕೊಟ್ಟ ಫೀಸು. ಇವು ಖಾಲಿಯಾಗುತ್ತಿವೆ ಅಂದರೆ ಕೆಲಸ ನಡೆಯುತ್ತಿದೆ ಅಂತ. ಗಿಟಾರ್ ಮೂರಿದ್ದು ತಂತಿ ಬದಲಿಸಿದ್ದೇ ನೆನಪಿಲ್ಲ ಅಂದರೆ ನಾಲ್ಕನೆಯದು ಬೇಡ.

ಜಲವರ್ಣದವರನ್ನೇ ನೋಡಿ. ಶುರು ಮಾಡುವವರು ದೊಡ್ಡ ಬಣ್ಣದ ಪೆಟ್ಟಿಗೆ ಕೊಳ್ಳುತ್ತಾರೆ, ಕಾಗದದಲ್ಲಿ ಉಳಿಸುತ್ತಾರೆ. ಆಗಬೇಕಾದದ್ದು ಉಲ್ಟಾ. ಮರದ ತಿರುಳಿನ ಅಗ್ಗದ ಕಾಗದ ನೀರು ಬಿದ್ದ ಕೂಡಲೇ ಉಬ್ಬುತ್ತದೆ. ಎರಡನೇ ಸಲ ಕುಂಚ ಆಡಿಸಿದರೆ ಮೇಲ್ಮೈ ಕಿತ್ತು ಬರುತ್ತದೆ. ಹತ್ತಿಯ ಕಾಗದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಣ್ಣ ಹರಡುವುದಕ್ಕೆ ಹೊತ್ತು ಕೊಡುತ್ತದೆ, ಒಂದರ ಮೇಲೊಂದು ಪದರ ತಡೆಯುತ್ತದೆ. ಪುಸ್ತಕದಲ್ಲಿ ಹೇಳಿದ್ದು ನನ್ನ ಕೈಯಲ್ಲಿ ಯಾಕೆ ಬರುತ್ತಿಲ್ಲ ಅಂತ ಕೊರಗುವ ಎಷ್ಟೋ ಜನರಿಗೆ ಕೊರತೆ ಇರುವುದು ಕೈಯಲ್ಲಲ್ಲ, ಕಾಗದದಲ್ಲಿ. ಆರೇಳು ಒಳ್ಳೆಯ ಬಣ್ಣ, ಒಂದು ಒಳ್ಳೆಯ ಕುಂಚ ಸಾಕು. ಉಳಿದದ್ದೆಲ್ಲ ಕಾಗದಕ್ಕೆ ಹೋಗಲಿ. ಹಾಗೇ, ತಂದ ಒಳ್ಳೆಯ ಕಾಗದವನ್ನು ಒಳ್ಳೆಯ ಚಿತ್ರ ಬರುವ ತನಕ ಎತ್ತಿಡಬೇಡಿ. ಎತ್ತಿಟ್ಟ ಕಾಗದದ ಮೇಲೆ ಚಿತ್ರ ಬರುವುದಿಲ್ಲ.

ಇನ್ನು "ಇದೊಂದು ಇನ್ವೆಸ್ಟ್‌ಮೆಂಟ್" ಅನ್ನುವ ಮಾತು. ದಯವಿಟ್ಟು ಬೇಡ. ಮಾರುವ ಬೆಲೆ ಮನಸ್ಸಿನಲ್ಲಿದ್ದರೆ ಗಿಟಾರನ್ನು ಗೀರು ಬೀಳುವ ಭಯದಲ್ಲೇ ಮುಟ್ಟುತ್ತೀರಿ, ಗಡಿಯಾರ ಲಾಕರಿನಲ್ಲೇ ಉಳಿಯುತ್ತದೆ. ಖುಷಿಗೆ ಕೊಂಡೆ ಅಂತ ಹೇಳಿದರೆ ಸಾಕು, ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಕಂತಿನಲ್ಲಿ ಕೊಳ್ಳುವುದಕ್ಕೂ ನಾನು ಪೂರ್ತಿ ವಿರೋಧಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಹವ್ಯಾಸಕ್ಕೆ ಅನ್ವಯಿಸುವಷ್ಟು ಇನ್ಯಾವುದಕ್ಕೂ ಅನ್ವಯಿಸುವುದಿಲ್ಲ. ಆಸಕ್ತಿ ಆರು ತಿಂಗಳಿಗೆ ಬತ್ತಬಹುದು, ಬತ್ತಿದರೆ ಅದೂ ಸಹಜವೇ. ಕಂತು ಮಾತ್ರ ಬತ್ತುವುದಿಲ್ಲ. ಮನೆಯಲ್ಲಿ ದುಡ್ಡು ಇಬ್ಬರದ್ದಾದರೆ ಬೆಲೆ ಇಬ್ಬರಿಗೂ ಗೊತ್ತಿರಲಿ. ಇಳಿಸಿ ಹೇಳಿದ ಬೆಲೆ ಎಂದಾದರೊಂದು ದಿನ ಬಯಲಾಗುತ್ತದೆ. ಆಗ ಜಗಳ ನಡೆಯುವುದು ದುಡ್ಡಿನ ಬಗ್ಗೆ ಅಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟು. ಮೊದಲು ಮಾಡುವವರ ಜೊತೆ ನಾಲ್ಕು ಸಲ ಹೋಗಿ. ಎರವಲು ತನ್ನಿ, ಬಾಡಿಗೆಗೆ ತನ್ನಿ, ಹರ್ಷೆಲ್ ಕೂಡ ಅಲ್ಲಿಂದಲೇ ಶುರು ಮಾಡಿದ್ದು. ಆಮೇಲೆ ಸೆಕೆಂಡ್ ಹ್ಯಾಂಡ್ ಹುಡುಕಿ. ಹವ್ಯಾಸದ ಲೋಕದಲ್ಲಿ ಹೆಚ್ಚು ಬಳಸದ ಒಳ್ಳೆಯ ಸಾಮಾನು ಯಾವಾಗಲೂ ಮಾರಾಟಕ್ಕೆ ಇರುತ್ತದೆ, ಸಜ್ಜಾಗುವುದರಲ್ಲೇ ಸುಸ್ತಾದವರು ಅಷ್ಟು ಜನ ಇದ್ದಾರೆ. ಹಾಗೇ, ನೀವು ಬಿಟ್ಟುಬಿಟ್ಟದ್ದು ಮೂಲೆಯಲ್ಲಿದ್ದರೆ ಅದನ್ನೂ ಸಾಗಹಾಕಿ. ಕೊಟ್ಟಷ್ಟು ದುಡ್ಡು ಬರಲಿಲ್ಲ ಅಂತ ಕಾಯುತ್ತಾ ಕೂರಬೇಡಿ. ಬಾತ್ ನಗರದ ಆ ಮನುಷ್ಯ ತನ್ನ ಉಜ್ಜುವ ಸಾಮಾನನ್ನು ಅಟ್ಟದ ಮೇಲೆ ಇಟ್ಟುಕೊಂಡಿದ್ದರೆ ಹರ್ಷೆಲ್ ಏನು ಮಾಡುತ್ತಿದ್ದರೋ.

ನನ್ನ ಮುಂದಿನ ಖರ್ಚು ಕನ್ನಡಿಯದ್ದು. ಹೊಸದಲ್ಲ, ಇರುವುದರದ್ದೇ. ಗಾಜಿನ ಮೇಲೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ತೆಳುವಾದ ಅಲ್ಯುಮಿನಿಯಂ ಪದರ ಇರುತ್ತದೆ. ಬೆಳಕನ್ನು ತಿರುಗಿಸುವುದು ಅದೇ. ಇಬ್ಬನಿ, ಧೂಳು, ತೊಳೆಯುವಿಕೆಗೆ ಸಿಕ್ಕಿ ವರ್ಷಗಳಲ್ಲಿ ಅದು ಮಂಕಾಗುತ್ತದೆ. ನನ್ನ ಕನ್ನಡಿಯ ಅಂಚಿನಲ್ಲಿ ಈಗ ಸಣ್ಣ ಚುಕ್ಕೆಗಳು ಎದ್ದಿವೆ. ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತವೆ. ಆ ಪದರ ಕರಗಿಸಿ ತೆಗೆದು, ಗಾಳಿ ತೆಗೆದ ಪೆಟ್ಟಿಗೆಯೊಳಗೆ ಹೊಸ ಪದರ ಹಿಡಿಸುತ್ತಾರೆ. ಗಾಜಿನ ಆಕಾರ ಹಾಗೇ ಉಳಿಯುತ್ತದೆ. 250 ಮಿಲಿಮೀಟರ್ ಕನ್ನಡಿಯ ಆಸೆ ನನಗೂ ಇದೆ. ಆದರೆ ಈ ವರ್ಷದ ದುಡ್ಡು ಪದರಕ್ಕೆ, ಉಳಿದರೆ ಕತ್ತಲಿರುವ ಕಡೆ ಹೋಗಿಬರುವ ಖರ್ಚಿಗೆ. ಮಳೆಗಾಲದಲ್ಲಿ ಹೇಗೂ ಆಕಾಶ ಕಾಣುವುದಿಲ್ಲ, ಕನ್ನಡಿ ಕಳಿಸಲು ಅದೇ ಸರಿಯಾದ ಸಮಯ.